ಅಂಬ್ರೋಸ್ ಎಂದೂ ಕೈ ಎತ್ತಲಿಲ್ಲ

ಗ್ರಿಮ್ಸ್‌ಬಿ
11 ಸೆಪ್ಟೆಂಬರ್ 2016

ಕೀರನ್,

ನಿನ್ನ ಪತ್ರ ಬಂತು. ಇನ್ನೊಬ್ಬನ ಕಿವಿ ಕಚ್ಚಿದೆಯಂತೆ, ಅದಕ್ಕೆ ಶಿಕ್ಷೆಯಾಗಿ ನಿನ್ನ ಕೋಣೆಯ ಟಿವಿ ಎತ್ತಿಕೊಂಡು ಹೋದರಂತೆ. ಕಿವಿಯ ಬಗ್ಗೆ ಒಂದು ಸಾಲು ಬರೆದು ಟಿವಿಯ ಬಗ್ಗೆ ಎರಡು ಪುಟ ಅತ್ತಿದ್ದೀಯ. ಪಬ್ಬಿನಲ್ಲಿ ಒಬ್ಬನ ಮುಖದ ಮೇಲೆ ಬಿಯರ್ ಗ್ಲಾಸು ಒಡೆದು ಜೈಲಿಗೆ ಹೋದವನು ನೀನು. ಮಾರ್ಚಿಯಲ್ಲಿ ಬಿಡುತ್ತೇವೆ ಎಂದು ಅವರೇ ಬಾಯಿಬಿಟ್ಟು ಹೇಳಿರುವಾಗ ಈಗ ಕಿವಿ ಕಚ್ಚುತ್ತೀಯ? ನಿನ್ನ ಹಲ್ಲಿಗೆ ಬೇರೆ ಕೆಲಸ ಇಲ್ಲವೇ? ಹೆತ್ತ ತಪ್ಪಿಗೆ ಸುಮ್ಮನಿದ್ದೇನೆ.

ಸರಿ, ಅಳಬೇಡ. ದಿನಾ ಮಧ್ಯಾಹ್ನ ನಾಲ್ಕಕ್ಕೆ ‘ಗೇಟ್ ಮನೆ’ಯನ್ನು ನಾನು ನೋಡುತ್ತೇನೆ, ನೋಡಿದ್ದನ್ನು ನಿನಗೆ ಬರೆಯುತ್ತೇನೆ. ನಲವತ್ತು ವರ್ಷದ ಹಳೆಯ ಧಾರಾವಾಹಿ. ನಿನ್ನ ಅಜ್ಜಿ ಶುಕ್ರವಾರ ಸಂಜೆ ಮೀನಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು, ನಾನು ಅವಳ ಕಾಲಬುಡದಲ್ಲಿ. ಆಮೇಲೆ ನೀನು ನನ್ನ ಕಾಲಬುಡದಲ್ಲಿ. ಪಾತ್ರ ಮಾಡಿದವರೆಲ್ಲ ಸತ್ತು ಮಣ್ಣಾದರು, ಅವರ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಇವತ್ತಿನದು ರೈಲ್ವೆ ಗೇಟು ಕಾಯುವ ಅಂಬ್ರೋಸ್ ಬಾಣಲೆ ಬಚ್ಚಿಟ್ಟ ಕಥೆ. ತಲೆಗೆ ಇನ್ನೊಂದು ಏಟು ಬಿದ್ದರೆ ನಾನು ಜವಾಬ್ದಾರನಲ್ಲ ಎಂದು ಡಾಕ್ಟರು ಹೇಳಿರುತ್ತಾನೆ. ಇವನು ಹೆಂಡತಿ ಈನಿಡ್ ಏಟು ಹಾಕುವ ಕಬ್ಬಿಣದ ಬಾಣಲೆಯನ್ನು ರೈಲ್ವೆ ಗೇಟಿನ ಪಕ್ಕದ ಕಲ್ಲಿದ್ದಲ ರಾಶಿಯಲ್ಲಿ ಹೂತು ಬರುತ್ತಾನೆ. ಬಾಣಲೆ ಎಲ್ಲಿ ಎಂದು ಈನಿಡ್ ಕೇಳಿದರೆ, “ನಿಮ್ಮಮ್ಮ ತಿಂದಿರ್ಬೇಕು ನೋಡು, ರಾತ್ರಿ ಹಸಿವು ಅಂತಿದ್ರು” ಅನ್ನುತ್ತಾನೆ. ಅವಳು ಸುತ್ತಮುತ್ತ ನೋಡಿ, ಬೇರೇನೂ ಸಿಗದೆ, ಭಾನುವಾರದ ಊಟಕ್ಕೆ ತಂದಿಟ್ಟ ಕೋಳಿಯನ್ನು ಕಾಲು ಹಿಡಿದು ಎತ್ತುತ್ತಾಳೆ. ಅಷ್ಟರಲ್ಲಿ ರೈಲು ಬರುವ ಗಂಟೆ. ಜಗಳ ಎಲ್ಲಿಗೇ ಮುಟ್ಟಿರಲಿ, ಗಂಟೆ ಹೊಡೆದರೆ ಅಂಬ್ರೋಸ್ ಓಡಿಹೋಗಿ ಗೇಟು ಹಾಕಲೇಬೇಕಲ್ಲ! ಮುಂದೆ ಅವನು, ಹಿಂದೆ ಕೋಳಿ ಬೀಸುತ್ತ ಅವಳು. ಕೊನೆಗೆ ಕೋಳಿ ಅವನ ತಲೆಯ ಮೇಲೆ ಟೋಪಿಯಾಗಿ ಕೂರುತ್ತದೆ. ರೈಲು ಹೋಗುವವರೆಗೂ ಕೋಳಿ ಹೊತ್ತುಕೊಂಡೇ ಸಲ್ಯೂಟ್ ಹೊಡೆದು ನಿಂತಿರುತ್ತಾನೆ. ಚಿತ್ರೀಕರಣ ನೋಡಲು ಬಂದ ಜನರ ನಗುವಿನ ಮಧ್ಯೆ, ಕತ್ತೆ ಕೂಗಿದ ಹಾಗೆ ನಗುವ ಆ ಹೆಂಗಸು ಇವತ್ತೂ ಇದ್ದಳು. “ಇವಳೊಬ್ಬಳು ನಕ್ಕೇ ಸತ್ತಿರ್ತಾಳೆ” ಎಂದು ಅಜ್ಜಿ ಪ್ರತಿ ಸಲ ಹೇಳುತ್ತಿದ್ದಳು.

ಬ್ಯಾರಿ ಚೆನ್ನಾಗಿದ್ದಾನೆ. ನೀನು ಅವನನ್ನು ಅಪ್ಪ ಎಂದು ಕರೆಯದಿದ್ದರೂ ನನಗೆ ಗಂಡ ತಾನೇ, ಒಂದು ಮಾತು ಕೇಳಬಾರದೇ? ಬಂದರಿನಲ್ಲಿ ಕೆಲಸ ಇಲ್ಲವೆಂದು ಮನೆಯಲ್ಲೇ ಇರುತ್ತಾನೆ. ಫೋನ್ ಮಾಡಬೇಡ, ಅವನು ಎತ್ತುತ್ತಾನೆ, ನೀವಿಬ್ಬರೂ ಕಚ್ಚಾಡುತ್ತೀರಿ. ಈ ತಿಂಗಳೂ ಭೇಟಿಗೆ ಬರಲಾಗುವುದಿಲ್ಲ, ಮೆಟ್ಟಿಲಲ್ಲಿ ಕಾಲು ಜಾರಿತು.

ಇದನ್ನು ಒಡೆದು ಓದುವ ಜೈಲಿನ ಸಾಹೇಬರಿಗೂ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ಅಮ್ಮ,
ಲೊರೇನ್


ಬಿ ವಿಂಗ್
25 ಸೆಪ್ಟೆಂಬರ್ 2016

ಅಮ್ಮಾ,

ನಿನ್ನ ಕೋಳಿ ಇಲ್ಲಿ ಏನೆಲ್ಲ ಮಾಡಿತು ಕೇಳು.

ಸಂಜೆ ಐದಕ್ಕೆ ನಮ್ಮನ್ನು ಕೋಣೆಗೆ ಹಾಕಿ ಬೀಗ ಜಡಿಯುತ್ತಾರೆ. ಆಮೇಲೆ ಎಲ್ಲರೂ ಕಿಟಕಿಯ ಸರಳಿಗೆ ಬಾಯಿಟ್ಟು ಒಬ್ಬರಿಗೊಬ್ಬರು ಕೂಗಾಡುವುದು ರೂಢಿ. ನಾನು ಕಿಟಕಿಯ ಬಳಿ ನಿನ್ನ ಪತ್ರ ಓದಿಕೊಂಡು ನಗುತ್ತಿದ್ದೆ. ಮೇಲಿನ ಕೋಣೆಯಿಂದ ಡೆನ್ಬಿಯ ದನಿ ಬಂತು. ಡೆನ್ಬಿ ಅಂದರೆ ಯಾರು ಎಂದು ನಿನಗೆ ತಿಳಿಯಬೇಕು. ನಾಲ್ಕು ಗಂಟೆಗೆ ‘ಗೇಟ್ ಮನೆ’ ಬರುವಾಗ ಗೋಡೆಯಾಚೆ ಹಾಡು ಹಾಕಿದ ಒಬ್ಬನ ಮುಖಕ್ಕೆ, ಕುದಿಯುವ ನೀರಿಗೆ ಸಕ್ಕರೆ ಕದಡಿ ಎರಚಿದವನು. ಬರೀ ನೀರಾದರೆ ಜಾರಿ ಹೋಗುತ್ತದೆ, ಸಕ್ಕರೆ ಹಾಕಿದರೆ ಚರ್ಮಕ್ಕೆ ಅಂಟಿಕೊಂಡು ಬೇಯಿಸುತ್ತದೆ. ಅವನೇ ಮಾಡಿದ್ದು ಎಂದು ಎಲ್ಲರೂ ಹೇಳುತ್ತಾರೆ, ನೋಡಿದವರು ಯಾರೂ ಇಲ್ಲ. ಆ ಮನುಷ್ಯನಿಗೆ ಈಗ ಒಂದು ಕೆನ್ನೆ ಇಲ್ಲ.

“ಲೇ ಕಿವಿಕಚ್ಚಾ! ಒಬ್ಬನೇ ಏನೋ ನಗ್ತಿದೀಯಾ?”

“ಅಮ್ಮನ ಕಾಗದ ಅಣ್ಣಾ. ಗೇಟ್ ಮನೆ ಕತೆ ಬರ್ದಿದಾಳೆ.”

“ಹಾಗಾದ್ರೆ ಎದ್ದು ನಿಂತ್ಕೊಂಡು ಓದೋ, ಮರ್ಯಾದೆ ಇಲ್ವಾ?”

ನಿಂತುಕೊಂಡೇ ಓದಿದೆ. ಒಂದೊಂದೇ ಕಿಟಕಿ ಸುಮ್ಮನಾಯಿತು. ಅವರೆಲ್ಲರ ಕೋಣೆಯಲ್ಲೂ ಟಿವಿ ಇದೆ, ಅದೇ ದಿನ ಅದೇ ಕಂತು ನೋಡಿದ್ದಾರೆ. ಆದರೂ ಕೋಳಿ ತಲೆಗೆ ಬಿದ್ದಾಗ ಇಡೀ ಕಟ್ಟಡ ಬಾಗಿಲು ಬಡಿಯಿತು. ಬ್ಲೇಡಿನಿಂದ ಒಬ್ಬರ ಮುಖ ಒಬ್ಬರು ಕೊಯ್ದುಕೊಂಡವರು, ಅಮ್ಮಾ, ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ನಿಂತ ಮೇಲೆ ಡೆನ್ಬಿ ಹೇಳಿದ: “ಕೋಳಿ ಅಲ್ಲ ಕಣೋ, ಬಾತುಕೋಳಿ. ಎರಡನೇ ಸರಣಿ, ಐದನೇ ಕಂತು. ನಿಮ್ಮಮ್ಮಂಗೆ ಹೇಳು, ಬಾಕಿ ಎಲ್ಲಾ ಸರಿಯಾಗಿ ಬರ್ದಿದಾರೆ.” ಅವನನ್ನು ಸಾಕಿದ್ದು ಅಜ್ಜಿಯಂತೆ. ಏಳೂ ಸರಣಿ ಬಾಯಿಪಾಠ. ಇನ್ನೊಂದು ಮಾತೂ ಹೇಳಿದ: “ಅಲ್ಲಿ ಯಾರೂ ಮನೆ ಬಿಟ್ಟು ಹೋಗಲ್ಲ ನೋಡು. ಹೋಗ್ತೀನಿ ಹೋಗ್ತೀನಿ ಅಂತ ಪೆಟ್ಟಿಗೆ ಕಟ್ತಾರೆ, ಗೇಟ್ ಬೀಳುತ್ತೆ, ವಾಪಸ್ ಬಂದು ಟೀ ಕುಡೀತಾರೆ. ಅವ್ರಿಗೂ ಬೀಗ ಹಾಕಿದೆ, ನಮಗೂ ಹಾಕಿದೆ. ಅವ್ರು ನಗಿಸ್ತಾರೆ, ಅಷ್ಟೇ ವ್ಯತ್ಯಾಸ.”

ಇನ್ನೊಂದು ಬರೆ. ಬರೆಯದಿದ್ದರೆ ನನ್ನ ಕೆನ್ನೆ ಉಳಿಯುವುದಿಲ್ಲ.

ಕೀರನ್


ಗ್ರಿಮ್ಸ್‌ಬಿ
16 ಅಕ್ಟೋಬರ್ 2016

ಕೀರನ್,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬಲಗೈ ಬೆರಳು ಬಾಗಿಲಿಗೆ ಸಿಕ್ಕಿತು, ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಿನ್ನ ಡೆನ್ಬಿಗೆ ಹೇಳು, ಬಾತು ಅಂದರೆ ಬಾತು, ಒಪ್ಪಿದೆ.

ಈ ವಾರ ಬಂದ ಒಂದು ಕಂತಿನಲ್ಲಿ ಅಂಬ್ರೋಸ್‌ಗೆ ಟೀ ತಣ್ಣಗಾಗಿರುತ್ತದೆ. ಯಾಕೆ ತಣ್ಣಗಾಯಿತು ಎಂದು ಕೇಳುತ್ತಾನೆ. ನೀನು ಬಂದದ್ದು ತಡ ಎಂದು ಈನಿಡ್ ಹೇಳುತ್ತಾಳೆ. ಅವನು ಎದ್ದು ಬಂದು ಅವಳ ಕೈಯನ್ನು ಮೆಲ್ಲಗೆ ಹಿಡಿದು, ಬಾಗಿಲ ಸಂದಿಯಲ್ಲಿಟ್ಟು, ಬಾಗಿಲು ಹಾಕುತ್ತಾನೆ. ಅಷ್ಟು ಹೊತ್ತಿಗೆ ಸರಿಯಾಗಿ ರೈಲು ಬರುತ್ತದೆ. ರೈಲಿನ ಸದ್ದಿಗೆ ಅವಳು ಕೂಗಿದ್ದು ಪಕ್ಕದ ಮನೆಗೆ ಕೇಳಿಸುವುದಿಲ್ಲ. ಆಮೇಲೆ ಅವನು ಹೊಸ ಟೀ ಮಾಡಿ ಅವಳಿಗೂ ಒಂದು ಲೋಟ ಕೊಡುತ್ತಾನೆ. ಆ ಕತ್ತೆ ನಗೆಯ ಹೆಂಗಸು ಈ ಸಲ ನಕ್ಕಳೋ ಇಲ್ಲವೋ ನೆನಪಿಲ್ಲ.

ಚಳಿ ಶುರುವಾಗಿದೆ. ನೀನು ಕಾಲುಚೀಲ ಹಾಕಿಕೊಂಡು ಮಲಗು.

ಅಮ್ಮ


ಬಿ ವಿಂಗ್
30 ಅಕ್ಟೋಬರ್ 2016

ಅಮ್ಮಾ,

ನಾನು ಮೊದಲೇ ಓದಿಕೊಳ್ಳದೆ ನೇರ ಕಿಟಕಿಗೆ ಹೋಗಿ ಜೋರಾಗಿ ಓದಿದೆ. ಬಾಗಿಲು ಹಾಕಿದ ಜಾಗಕ್ಕೆ ಬಂದಾಗ ಯಾರೋ ಒಬ್ಬ ಅಭ್ಯಾಸಬಲದಿಂದ ನಕ್ಕ, ಆಮೇಲೆ ಅವನೂ ನಿಲ್ಲಿಸಿದ. ನಾನು ಓದಿ ಮುಗಿಸಿದೆ.

“ಇನ್ನೊಂದ್ಸಲ ಓದು,” ಅಂದ ಡೆನ್ಬಿ. ಓದಿದೆ.

“ಅದು ಇಲ್ಲ,” ಅಂದ. “ಏಳು ಸರಣಿ, ನಾಲ್ಕು ಕ್ರಿಸ್ಮಸ್ ವಿಶೇಷ. ಅದು ಎಲ್ಲೂ ಇಲ್ಲ. ಅಂಬ್ರೋಸ್ ಒಂದೇ ಒಂದ್ಸಲಾನೂ ಅವಳ ಮೇಲೆ ಕೈ ಎತ್ತಿಲ್ಲ ಕಣೋ. ಬಾಣಲೇಲಿ ಏಟು ತಿಂತಾನೆ, ಬಾತುಕೋಳೀಲಿ ಏಟು ತಿಂತಾನೆ, ಟೋಪಿ ಸರಿ ಮಾಡ್ಕೊಂಡು ಗೇಟ್ ಹಾಕೋಕೆ ಹೋಗ್ತಾನೆ. ಅವನು ಒಂದ್ಸಲ ತಿರುಗಿಸಿ ಹೊಡೆದಿದ್ರೆ ಯಾರು ನಗ್ತಿದ್ರೋ? ನಮ್ಮಜ್ಜಿ ಟಿವಿ ಆರಿಸಿ ಎದ್ದು ಹೋಗ್ತಿದ್ಲು.” ಆಮೇಲೆ ಇಡೀ ವಿಂಗಿಗೆ ಕೇಳಿಸುವ ಹಾಗೆ ಕೇಳಿದ: “ಕೀರನ್, ನಿಮ್ಮಮ್ಮನ ಮನೇಲಿ ಯಾರಿದಾರೆ?”

ಅವನು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಮೆಟ್ಟಿಲಲ್ಲಿ ಜಾರಲಿಲ್ಲ ಅಲ್ಲವೇ? ಬಾಗಿಲಿಗೆ ಬೆರಳು ತಾನಾಗಿ ಸಿಗಲಿಲ್ಲ ಅಲ್ಲವೇ? ಜುಲೈಯಿಂದ ನೀನು ಭೇಟಿಗೆ ಬಂದಿಲ್ಲ. ನಾನು ಇಲ್ಲಿ ಟಿವಿ ಟಿವಿ ಎಂದು ಅಳುತ್ತ ಕೂತಿದ್ದೆ. ಬ್ಯಾರಿ ನಿನ್ನನ್ನು ಹೊಡೆಯುತ್ತಿದ್ದಾನೆಯೇ? ಕಥೆ ಬೇಡ. ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬರೆ.

ಕೀರನ್


ಗ್ರಿಮ್ಸ್‌ಬಿ
20 ನವೆಂಬರ್ 2016

ಕೀರನ್,

ಹೌದು.

ಈ ಒಂದು ಪದ ಬರೆಯಲು ಮೂರು ವಾರ ಹಿಡಿಯಿತು. ಅಂಬ್ರೋಸ್‌ನ ಹೆಸರಿನಲ್ಲಿ ಬರೆಯುವಾಗ ಪೆನ್ನು ತಾನಾಗಿ ಓಡಿತು, ನನ್ನ ಹೆಸರಿನಲ್ಲಿ ಬರೆಯಲು ಹೊರಟರೆ ನಾಚಿಕೆ. ನಿನಗೆ ಗೊತ್ತಾಗಲಿ ಎಂದೇ ಬರೆದೆನೋ, ಗೊತ್ತಾಗದಿರಲಿ ಎಂದು ಬರೆದೆನೋ, ನಾನರಿಯೆ.

ನೀನು ಒಳಗೆ ಹೋದ ತಿಂಗಳಿಂದ ಶುರು. ನೀನಿದ್ದಾಗ ಅವನಿಗೆ ಹೆದರಿಕೆ ಇತ್ತು. ಮೊದಲು ಬಟ್ಟೆ ಮುಚ್ಚುವ ಜಾಗ ನೋಡಿ ಹೊಡೆಯುತ್ತಿದ್ದ, ಈಗ ಆ ಯೋಚನೆಯೂ ಬಿಟ್ಟಿದ್ದಾನೆ. ಎರಡು ಬೆರಳು ಮಡಚಲು ಬರುವುದಿಲ್ಲ. ಹೋದ ವಾರ ‘ಗೇಟ್ ಮನೆ’ ನೋಡುತ್ತ ನಾನು ನಕ್ಕೆ. ಅವನನ್ನೇ ನೋಡಿ ನಕ್ಕೆ ಅಂದುಕೊಂಡ. ಬೂಟುಗಾಲಿನಲ್ಲಿ ಒದ್ದು ಟಿವಿ ಒಡೆದ, ಗಾಜಿನ ಚೂರಿನ ಮೇಲೆ ನನ್ನನ್ನು ಕೂದಲು ಹಿಡಿದು ಎಳೆದ. ಮೊಣಕಾಲಿನಲ್ಲಿ ಹೊಲಿಗೆ ಇದೆ. ಆಸ್ಪತ್ರೆಯಲ್ಲಿ ಮೀನಿನ ತೊಟ್ಟಿಯ ಗಾಜು ಒಡೆಯಿತು ಎಂದೆ. ನಮ್ಮ ಮನೆಯಲ್ಲಿ ಮೀನಿನ ತೊಟ್ಟಿ ಎಂದೂ ಇರಲಿಲ್ಲ.

ನಾನು ಯಾಕೆ ಅದನ್ನು ದಿನಾ ನೋಡುತ್ತಿದ್ದೆ ಗೊತ್ತೇ? ಇವತ್ತು ಅಂಬ್ರೋಸ್‌ನ ತಲೆಗೆ ಸುತ್ತಿದ ಪಟ್ಟಿ ನಾಳೆಯ ಕಂತಿನಲ್ಲಿ ಇರುವುದಿಲ್ಲ. ಗಾಯವೇ ಇಲ್ಲ, ಕಲೆಯೂ ಇಲ್ಲ. ಇಬ್ಬರೂ ಮೊದಲಿನಿಂದ ಶುರುಮಾಡುತ್ತಾರೆ. ಅರ್ಧ ಗಂಟೆ ಅಲ್ಲಿ ಹೋಗಿ ಕೂತಿದ್ದರೆ ನನಗೂ ಹಾಗೇ ಅನ್ನಿಸುತ್ತಿತ್ತು. ಆಮೇಲೆ ಎದ್ದು ಕನ್ನಡಿ ನೋಡಬೇಕಲ್ಲ.

ಮಾರ್ಚಿಗೆ ನೀನು ಬರುತ್ತೀಯ ಎಂದು ಹಲ್ಲು ಕಚ್ಚಿಕೊಂಡಿದ್ದೇನೆ. ಅಲ್ಲಿಯವರೆಗೆ ಯಾರ ಮೈಮೇಲೂ ಕೈ ಹಾಕಬೇಡ. ನೀನು ಒಂದು ತಪ್ಪು ಮಾಡಿದರೆ ಸಾಕು, ಮಾರ್ಚಿ ಹೋಗುತ್ತದೆ. ನನ್ನ ಮೇಲಾಣೆ.

ಅಮ್ಮ


ಬಿ ವಿಂಗ್
11 ಡಿಸೆಂಬರ್ 2016

ಅಮ್ಮಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಪಕ್ಕದ ಕೋಣೆಯವನ ಹೆಂಡತಿ ಡಾನಾ ನಮ್ಮೂರಿನವಳು, ಭೇಟಿಗೆ ಬಂದವಳು ಬಟ್ಟೆಯಲ್ಲಿ ಅಡಗಿಸಿ ತರುತ್ತಾಳೆ. ಯಾರೂ ಒಡೆಯುವುದಿಲ್ಲ, ಹಾಗಾಗಿ ಬಿಚ್ಚಿ ಹೇಳುತ್ತೇನೆ.

ನಿನ್ನ ಪತ್ರ ಓದಿದ ದಿನ ಗೋಡೆಗೆ ಗುದ್ದಿ ಗುದ್ದಿ ಕೈಯ ಸಿಪ್ಪೆ ಎದ್ದಿತು. ಪಬ್ಬಿನಲ್ಲಿ ನಾನು ಆ ಗ್ಲಾಸು ಒಡೆದದ್ದು ತಪ್ಪು ಮುಖದ ಮೇಲೆ. ನನಗೆ ಟಿವಿ ವಾಪಸು ಕೊಟ್ಟಿದ್ದಾರೆ, ನಿನ್ನದು ಹೋಯಿತು. ನಾಲ್ಕಕ್ಕೆ ಹಾಕುತ್ತೇನೆ, ನೋಡಲಾಗದೆ ಆರಿಸುತ್ತೇನೆ.

ಪೊಲೀಸರ ಹತ್ತಿರ ಹೋಗು ಎಂದರೆ ನೀನು ಹೋಗುವುದಿಲ್ಲ. ಡೆನ್ಬಿಗೆ ಹೊರಗೆ ಜನ ಇದ್ದಾರೆ. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತು ಹೇಳಿದ: “ನಂಗೆ ಏನೂ ಕೊಡ್ಬೇಡ. ನಿಮ್ಮಮ್ಮ ಇಷ್ಟು ದಿನ ನಮ್ಮನ್ನ ನಗಿಸಿದಾರೆ, ಆ ಲೆಕ್ಕ. ನೀನು ಹೂಂ ಅನ್ನು ಸಾಕು. ಕೊಲ್ಲಲ್ಲ, ಎದ್ದು ಓಡಾಡದ ಹಾಗೆ ಮಾಡ್ತಾರೆ.”

ನಾನಿನ್ನೂ ಹೂಂ ಅಂದಿಲ್ಲ. ನಿನ್ನ ಮೇಲೆ ಆಣೆ ಹಾಕಿದ್ದೀಯ. ಆದರೆ ಅವನು ನಿನ್ನನ್ನು ಕೊಂದುಹಾಕಿದ ಮೇಲೆ ಆಣೆ ಇಟ್ಟುಕೊಂಡು ನಾನೇನು ಮಾಡಲಿ? ವಿಟ್ಬಿಗೆ ಪಾಲೀನ್ ಚಿಕ್ಕಮ್ಮನ ಮನೆಗೆ ಹೊರಡು. ಹೊರಡುತ್ತೇನೆ ಎಂದು ಬರೆದರೆ ನಾನು ಸುಮ್ಮನಿರುತ್ತೇನೆ. ಕ್ರಿಸ್ಮಸ್ ಹಿಂದಿನ ದಿನದವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನಿನ್ನ ಉತ್ತರ ಬರದಿದ್ದರೆ ನೀನು ಹೋಗುವುದಿಲ್ಲ ಎಂದು ತಿಳಿದು ಹೂಂ ಅನ್ನುತ್ತೇನೆ.

ಕೀರನ್


ಗ್ರಿಮ್ಸ್‌ಬಿ
20 ಡಿಸೆಂಬರ್ 2016

ಕೀರನ್,

ಡಾನಾಗೆ ಜ್ವರ ಬಂದಿತ್ತಂತೆ, ನಿನ್ನ ಪತ್ರ ಕೈ ಸೇರಿದ್ದು ನಿನ್ನೆ. ಅವಳು ಇನ್ನು ಹೊಸ ವರ್ಷ ಕಳೆದೇ ಅಲ್ಲಿಗೆ ಬರುವುದು. ಅದಕ್ಕೆ ಅಂಚೆಗೇ ಹಾಕುತ್ತಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರ: ಬೇಡ, ಬೇಡ, ಬೇಡ. ಹೊರಡುತ್ತೇನೆ. ಪಾಲೀನ್‌ಗೆ ಬೂತಿನಿಂದ ಫೋನ್ ಮಾಡಿ ಎಲ್ಲಾ ಹೇಳಿದೆ. “ಅಯ್ಯೋ ಮಂಕೇ, ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?” ಎಂದು ಬೈದು ಅವಳೇ ಅತ್ತಳು. ಹಬ್ಬ ಮುಗಿಯುವವರೆಗೆ ಬ್ಯಾರಿ ಮನೆ ಬಿಟ್ಟು ಕದಲುವುದಿಲ್ಲ. ಇಪ್ಪತ್ತೆಂಟರ ಬೆಳಿಗ್ಗೆ ಅವನು ಕೆಲಸ ಕೇಳಲು ಬಂದರಿಗೆ ಹೋದ ಕೂಡಲೇ ಪಾಲೀನ್‌ಳ ಗಂಡ ಕಾರು ತರುತ್ತಾನೆ. ಚೀಲ ಕಟ್ಟಿ ಡಾನಾ ಮನೆಯಲ್ಲಿ ಇಟ್ಟಿದ್ದೇನೆ. ಹೋಗಿ ಟೀ ಕುಡಿಯಲು ವಾಪಸು ಬರುವವಳಲ್ಲ ನಾನು, ನಿನ್ನ ಡೆನ್ಬಿಗೆ ಹೇಳು.

ಅಂಚೆ ಕಚೇರಿಯಲ್ಲಿ ಬಾಗಿಲಾಚೆಯವರೆಗೂ ಜನ. ಪರ್ಸಿನಲ್ಲಿ ಹಬ್ಬದ ಕಾರ್ಡುಗಳಿಗೆ ತಂದ ಎರಡನೇ ದರ್ಜೆಯ, ಅಗ್ಗದ ನಿಧಾನದ ಅಂಚೆಯ ಸ್ಟಾಂಪು ಉಳಿದಿತ್ತು, ಅದನ್ನೇ ಹಚ್ಚಿದೆ. ಹಬ್ಬಕ್ಕೆ ಮೊದಲು ತಲುಪಲು ಇವತ್ತೇ ಕೊನೆಯ ದಿನ ಎಂದು ಗೋಡೆಯ ಮೇಲೆ ಬರೆದಿದ್ದರು. ತಲುಪುತ್ತದೆ.

ಕಣ್ಣಿಗೆ ಕಟ್ಟಿದೆ ಕಣೋ, ಸಮುದ್ರದ ಕಡೆ ಕಿಟಕಿ ಇರುವ ಪಾಲೀನ್‌ಳ ಆ ಸಣ್ಣ ಕೋಣೆ. ಖುಷಿಯಾಗಿದ್ದೇನೆ.

ನಿನ್ನ ಅಮ್ಮ


ಬಿ ವಿಂಗ್
29 ಡಿಸೆಂಬರ್ 2016

ಅಮ್ಮಾ,

ನಿನ್ನ ಇಪ್ಪತ್ತನೇ ತಾರೀಖಿನ ಪತ್ರ ಇವತ್ತು ಮಧ್ಯಾಹ್ನ ಬಾಗಿಲ ಕೆಳಗಿಂದ ಬಂತು. ಹಬ್ಬದ ರಾಶಿಯಲ್ಲಿ ಬಿದ್ದಿತ್ತಂತೆ.

ನಾನು ಕ್ರಿಸ್ಮಸ್ ಹಿಂದಿನ ದಿನ ಸಂಜೆಯವರೆಗೂ ಕಾದೆ. ಆಮೇಲೆ ಕಾಯಲಿಲ್ಲ.

ನೀನು ನಿನ್ನೆ ಹೊರಟೆಯಾ? ದಯವಿಟ್ಟು ಹೊರಟೆ ಎಂದು ಬರೆ.

ಕೀರನ್


ಗ್ರಿಮ್ಸ್‌ಬಿ
8 ಜನವರಿ 2017

ಕೀರನ್,

ಡಾನಾ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಹರಿದು ಹಾಕು.

ಇಪ್ಪತ್ತಾರರ ಮಧ್ಯಾಹ್ನ. ಬ್ಯಾರಿಯ ತಮ್ಮ ಹಳೆಯ ಟಿವಿ ಒಂದನ್ನು ತಂದಿಟ್ಟಿದ್ದ. ಉಳಿದ ಟರ್ಕಿ ಕೋಳಿ ತಿನ್ನುತ್ತ, ತಲೆಗೆ ಬಣ್ಣದ ಕಾಗದದ ಕಿರೀಟ ಹಾಕಿಕೊಂಡು ಬ್ಯಾರಿ ಕೂತಿದ್ದ. ‘ಗೇಟ್ ಮನೆ’ಯ ಕ್ರಿಸ್ಮಸ್ ವಿಶೇಷ ಬರುತ್ತಿತ್ತು, ಗೇಟು ಹಿಮದಲ್ಲಿ ಹೆಪ್ಪುಗಟ್ಟಿ ಇಡೀ ರೈಲಿನ ಜನ ಇವರ ಮನೆಗೆ ಊಟಕ್ಕೆ ಬರುವುದು. ಇಬ್ಬರು ಹಿತ್ತಲ ಬಾಗಿಲಿನಿಂದ ಬಂದರು. ಒಬ್ಬನ ಕೈಯಲ್ಲಿ ಸುತ್ತಿಗೆ.

“ಅಕ್ಕಾ, ನೀವು ಅಡುಗೆಮನೆಗೆ ಹೋಗಿ, ಟೀಗೆ ಇಡಿ,” ಎಂದ ಸುತ್ತಿಗೆಯವನು. ನಾನು ಮೇಜಿನ ಬಳಿಯೇ ನಿಂತೆ. ಬ್ಯಾರಿ ಎದ್ದು ಓಡಲು ಹೋಗಿ ಟರ್ಕಿಯ ತಟ್ಟೆಯ ಮೇಲೆ ಕಾಲಿಟ್ಟು ಜಾರಿ ಬಿದ್ದ. ಇನ್ನೊಬ್ಬ ಅವನ ಎದೆಯ ಮೇಲೆ ಕೂತ. “ಕೀರನ್ ಅಮ್ಮನ ಮೈ ಮುಟ್ತೀಯೇನೋ?” ಎಂದು ಒಂದು ಮಂಡಿಗೆ ಸುತ್ತಿಗೆ ಹಾಕಿದರು. ಆ ಸದ್ದು ಬರೆಯಲಾರೆ. ಎರಡನೆಯದಕ್ಕೆ ಸುತ್ತಿಗೆ ಎತ್ತಿದವನು ಟಿವಿಯ ಕಡೆ ನೋಡಿ ಕೈ ತಡೆದ. “ತಾಳಪ್ಪಾ ತಾಳು, ಇದು ಒಳ್ಳೇ ಭಾಗ,” ಎಂದ. ಈನಿಡ್ ಹಬ್ಬದ ಕಡುಬಿನ ಪಾತ್ರೆಯನ್ನು ಅಂಬ್ರೋಸ್‌ನ ತಲೆಗೆ ಕವುಚುವ ಜಾಗ. ಇಬ್ಬರೂ ನೋಡಿದರು, ನಕ್ಕರು. ಬ್ಯಾರಿ ಕೆಳಗೆ ಗೋಳಾಡುತ್ತಿದ್ದ, ಟಿವಿಯಲ್ಲಿ ಆ ಕತ್ತೆ ನಗೆಯವಳು ನಗುತ್ತಿದ್ದಳು. ನಾನೂ ನಕ್ಕೆ, ಕೀರನ್. ನಿಲ್ಲಿಸಲು ಆಗಲಿಲ್ಲ, ಬಾಯಿಗೆ ಮೇಜಿನ ಬಟ್ಟೆ ತುರುಕಿಕೊಂಡೆ. ಆ ಭಾಗ ಮುಗಿದ ಮೇಲೆ ಎರಡನೇ ಮಂಡಿಯನ್ನೂ ಒಡೆದು, “ಹಬ್ಬದ ಶುಭಾಶಯ ಅಕ್ಕಾ” ಎಂದು ಹೋದರು.

ಬ್ಯಾರಿ ನಾನು ನಕ್ಕಿದ್ದನ್ನು ನೋಡಿದ. ನಿನ್ನ ಹೆಸರನ್ನೂ ಕೇಳಿಸಿಕೊಂಡ.

ಇಪ್ಪತ್ತೆಂಟಕ್ಕೆ ಪಾಲೀನ್‌ಳ ಗಂಡ ಕಾರು ತಂದ. ನಾನು ಆಸ್ಪತ್ರೆಯಲ್ಲಿದ್ದೆ, ಬ್ಯಾರಿಯ ಮಂಚದ ಪಕ್ಕ. ಅವನು ನನ್ನ ಮಡಚಲಾರದ ಬೆರಳುಗಳನ್ನು ಹಿಡಿದುಕೊಂಡು ಹೇಳಿದ: “ಮುಸುಕು ಹಾಕ್ಕೊಂಡಿದ್ರು, ಯಾರು ಅಂತ ಗೊತ್ತಿಲ್ಲ ಅಂತ ಪೊಲೀಸ್ರಿಗೆ ಹೇಳಿದೀನಿ. ನಂಗೆ ಯಾವಾಗ ಬೇಕಾದ್ರೂ ನೆನಪು ಬರ್ಬೋದು. ನಿನ್ನ ಮಗ ಇನ್ನೂ ಆರೇಳು ವರ್ಷ ಒಳಗೆ ಕೊಳೀಬೇಕಾ? ನೀನು ಮನೇಲಿರು. ನನ್ನ ನೋಡ್ಕೋ. ನಾನು ಬಾಯಿ ಬಿಡಲ್ಲ.”

ಕಾರು ಖಾಲಿ ಹೋಯಿತು. ಈಗ ಅವನ ಮಂಚ ಮುಂದಿನ ಕೋಣೆಯಲ್ಲಿದೆ. ನಾಲ್ಕಕ್ಕೆ ಟಿವಿ ಹಾಕಿಸಿಕೊಳ್ಳುತ್ತಾನೆ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. “ನಗು. ಅವತ್ತು ನಕ್ಕೆಯಲ್ಲ, ಈಗ್ಲೂ ನಗು” ಅನ್ನುತ್ತಾನೆ. ನಗದಿದ್ದರೆ ಊರುಗೋಲು ಬೀಸುತ್ತಾನೆ. ಕಾಲಿಲ್ಲದಿದ್ದರೂ ತೋಳು ಗಟ್ಟಿಯಾಗಿದೆ.

ನಿನ್ನ ಮೇಲೆ ಎಷ್ಟು ಸಿಟ್ಟು ಬರುತ್ತಿದೆ ಎಂದು ಹೇಳಲಾರೆ. ಎರಡು ದಿನ, ಕೀರನ್. ಎರಡು ದಿನ ಸುಮ್ಮನಿದ್ದಿದ್ದರೆ ನಾನು ವಿಟ್ಬಿಯಲ್ಲಿರುತ್ತಿದ್ದೆ. ಆದರೂ ನೀನು ಮಾರ್ಚಿಯಲ್ಲಿ ಹೊರಗೆ ಬಾ. ನೀನು ಬಂದರೆ ಸಾಕು, ನನ್ನದು ಹೇಗೋ ನಡೆಯುತ್ತದೆ.

ಅಮ್ಮ


ಜೈಲಿನ ಆಸ್ಪತ್ರೆ
17 ಜನವರಿ 2017

ಅಮ್ಮಾ,

ಇದನ್ನು ಅಂಚೆಗೇ ಹಾಕುತ್ತಿದ್ದೇನೆ, ಮೊದಲ ದರ್ಜೆಯ ಸ್ಟಾಂಪು ಹಚ್ಚಿ. ಯಾರು ಬೇಕಾದರೂ ಒಡೆದು ಓದಲಿ.

ಶನಿವಾರ ಬೆಳಿಗ್ಗೆ ಅಧಿಕಾರಿಯ ಕೋಣೆಗೆ ಹೋಗಿ, ನನ್ನ ಮಲತಂದೆಯ ಕಾಲು ಮುರಿಸಿದ್ದು ನಾನು ಎಂದು ಹೇಳಿದೆ. “ಏನಪ್ಪಾ, ಕನಸು ಕಂಡ್ಯಾ?” ಎಂದು ಅವರು ನಕ್ಕರು. ತಾರೀಖು, ಮಂಡಿ, ಸುತ್ತಿಗೆ ಎಲ್ಲಾ ಹೇಳಿದೆ. ಆಮೇಲೆ ನಗಲಿಲ್ಲ. ಪೊಲೀಸರು ಬಂದು ಬರೆದುಕೊಂಡು, ಸಹಿ ಹಾಕಿಸಿಕೊಂಡು ಹೋದರು. ಮಾಡಿದವರು ಯಾರು ಎಂದು ಮಧ್ಯಾಹ್ನವಿಡೀ ಕೇಳಿದರು. ಮಾಡಿಸಿದ್ದು ನಾನು, ಅಷ್ಟೇ ಎಂದೆ. ಮಾರ್ಚಿ ಹೋಯಿತು. ಎಷ್ಟು ವರ್ಷ ಸೇರಿಸುತ್ತಾರೆ ಎಂದು ನ್ಯಾಯಾಲಯ ಹೇಳಬೇಕು.

ವಿಂಗಿನಲ್ಲಿ ಅಧಿಕಾರಿಯ ಕೋಣೆಗೆ ತಾನಾಗಿ ಹೋದವನನ್ನು ಬಿಡುವುದಿಲ್ಲ. ಒಬ್ಬ ಬಂದ. ಯಾರೆಂದು ಬರೆಯುವುದಿಲ್ಲ, ನಿನಗೆ ತಿಳಿಯುತ್ತದೆ. “ಯಾರ ಹೆಸ್ರಾದ್ರೂ ಹೇಳಿದ್ಯಾ?” ಎಂದು ಕೇಳಿದ. ಇಲ್ಲ ಎಂದೆ. “ಗೊತ್ತು. ಆದ್ರೂ ನಾಲ್ಕು ಜನಕ್ಕೆ ಕಾಣೋ ಹಾಗೆ ಮಾಡ್ಬೇಕಾಗತ್ತೆ” ಎಂದು ಶುರುಮಾಡಿದ. ದವಡೆ ಮುರಿದಿದೆ, ಮೂರು ಹಲ್ಲು ಹೋಗಿವೆ, ಎಡಗಣ್ಣು ಇನ್ನೂ ತೆರೆಯುತ್ತಿಲ್ಲ. ಮುಗಿಸಿ ಬಾಗಿಲ ಬಳಿ ನಿಂತು, ಕೈಯ ರಕ್ತವನ್ನು ನನ್ನ ಟವೆಲಿಗೆ ಒರೆಸಿಕೊಳ್ಳುತ್ತ ಕೇಳಿದ: “ನಿಮ್ಮಮ್ಮ ಹೊರಟ್ರೇನೋ?”

ಹೊರಡು ಅಮ್ಮಾ. ಬ್ಯಾರಿಯ ಹತ್ತಿರ ಈಗ ಹೇಳಲು ಏನೂ ಉಳಿದಿಲ್ಲ, ಎಲ್ಲಾ ನಾನೇ ಹೇಳಿದ್ದೇನೆ. ಒಲೆಯ ಮೇಲೆ ಏನಿದ್ದರೂ ಬಿಟ್ಟು ಕೋಟು ಹಾಕಿಕೋ.

ಕೀರನ್


ಪಾಲೀನ್ ಮನೆ, ವಿಟ್ಬಿ
24 ಜನವರಿ 2017

ಕೀರನ್,

ಹೊರಟೆ.

ನಿನ್ನ ಪತ್ರ ಬಂದಾಗ ಬ್ಯಾರಿಗೆ ಸೂಪು ಕುಡಿಸುತ್ತಿದ್ದೆ. ಬಟ್ಟಲು ಅವನ ಕೈಗೆ ಕೊಟ್ಟು, ನಿನ್ನ ಪತ್ರವನ್ನು ಅವನಿಗೇ ಗಟ್ಟಿಯಾಗಿ ಓದಿ ಹೇಳಿದೆ. ಸುಳ್ಳು ಎಂದ. ಪೊಲೀಸರಿಗೆ ನೀನೇ ಫೋನ್ ಮಾಡಿ ಕೇಳು ಎಂದು ಫೋನನ್ನು ಮಂಚದ ಮೇಲೆ ಇಟ್ಟೆ. ಬಟ್ಟಲು ನನ್ನ ಕಡೆ ಎಸೆದ, ಹಣೆ ಸೀಳಿತು. ಆಮೇಲೆ ಅಳಲು ಶುರುಮಾಡಿದ. “ಲೊರೇನ್, ನನ್ನ ಯಾರು ನೋಡ್ಕೋತಾರೆ?” ಎಂದ. “ನಿನ್ನ ತಮ್ಮನಿಗೆ ಹೇಳ್ಕಳಿಸ್ತೀನಿ” ಎಂದೆ. ರಕ್ತ ಒರೆಸಿಕೊಳ್ಳಲೂ ನಿಲ್ಲಲಿಲ್ಲ. ಬಸ್ಸಿನಲ್ಲಿ ಜನ ನೋಡಿದರು, ನೋಡಲಿ ಎಂದು ಸುಮ್ಮನೆ ಕೂತೆ.

ನಿನ್ನ ಮುಖ ಹಾಗಾದದ್ದು ನೆನೆದು ಎರಡು ಕಾಗದ ಬರೆದು ಹರಿದೆ. ನಿನ್ನನ್ನು ಬೈಯಬೇಕು ಎಂದು ಪೆನ್ನು ಹಿಡಿದೆ, ಬೈಯಲು ಬರುತ್ತಿಲ್ಲ. ನನಗಾಗಿ ನೀನು ಮಾಡಿದ ಒಂದು ಕೆಲಸ ನನ್ನನ್ನು ಕಟ್ಟಿಹಾಕಿತು, ಇನ್ನೊಂದು ಬಿಡಿಸಿತು. ಎರಡಕ್ಕೂ ಬೆಲೆ ಕೊಟ್ಟವನು ನೀನೇ.

ಪಾಲೀನ್ ಮಧ್ಯಾಹ್ನ ನನ್ನನ್ನು ಕೇಳದೆಯೇ ‘ಗೇಟ್ ಮನೆ’ ಹಾಕಿಬಿಟ್ಟಳು. ಆರಿಸು ಎನ್ನಲು ಬಾಯಿ ತೆರೆದೆ. ಅಂಬ್ರೋಸ್ ಅತ್ತೆಯನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಗೇಟು ದಾಟಿಸುತ್ತಿದ್ದ. ನನಗೆ ನಗು ಬಂತು. ಇನ್ನು ಈ ಜನ್ಮದಲ್ಲಿ ಅದನ್ನು ನೋಡಿ ನಗಲಾರೆ ಅಂದುಕೊಂಡಿದ್ದೆ, ಹಣೆಯ ಹೊಲಿಗೆ ಎಳೆಯುತ್ತಿದ್ದರೂ ನಕ್ಕೆ. ಪಾಲೀನ್ ನನ್ನ ಮುಖ ನೋಡಿ ಹೆದರಿ, “ಏನಾಯ್ತೇ?” ಎಂದಳು. ಯಾರೂ ನಗು ಎಂದು ಹೇಳಿರಲಿಲ್ಲ ಪಾಲೀನ್, ಅದಕ್ಕೇ ನಗ್ತಿದೀನಿ ಎಂದೆ.

ಬರುವ ಶನಿವಾರ ಭೇಟಿಗೆ ಬರುತ್ತೇನೆ. ಈ ಮನೆಯ ವಿಳಾಸವನ್ನು ಅಲ್ಲಿ ಬರೆಸಿ ಇಡು. ನ್ಯಾಯಾಲಯ ಎಷ್ಟು ವರ್ಷ ಕೊಟ್ಟರೂ ನಾನು ಇಲ್ಲೇ ಇರುತ್ತೇನೆ.

ನಿನ್ನ ಅಮ್ಮ,
ಲೊರೇನ್